ಮೂರು ವರ್ಷದ ಸೂಜಿ

ಆ ಬೀದಿಯ ಕ್ಷೌರದಂಗಡಿಯವನನ್ನು ಎಲ್ಲರೂ ಹಗುರಗೈ ಎಂದೇ ಕರೆಯುತ್ತಿದ್ದರು. ಮೂವತ್ತು ವರ್ಷಗಳಲ್ಲಿ ಅವನ ಕತ್ತಿ ಒಬ್ಬರ ಕೆನ್ನೆಯಲ್ಲೂ ರಕ್ತ ತಂದಿರಲಿಲ್ಲ. ಅವನು ಏನೋ ಮಾತಾಡುತ್ತಿರುವಾಗಲೇ ಗಡ್ಡ ಮುಗಿದಿರುತ್ತಿತ್ತು; ಗಿರಾಕಿ ಕನ್ನಡಿ ನೋಡಿಕೊಂಡು "ಆಗ್ಲೇ ಆಯ್ತಾ?" ಅನ್ನುತ್ತಿದ್ದ. ಅಂಥವನಿಗೆ ಇಂಜೆಕ್ಷನ್ನಿನ ಸೂಜಿ ಕಂಡರೆ ಜೀವ ಹೋಗುತ್ತದೆ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಕಾರಣ ಕೇಳಿದ್ದರೆ ಅವನಿಗೂ ಹೇಳಲು ಬರುತ್ತಿರಲಿಲ್ಲ. ಸೂಜಿಯ ತುದಿ ಬೆಳಕಿಗೆ ಮಿಂಚಿದರೆ ಸಾಕು, ಅಂಗೈ ಬೆವರಿ, ಕಿವಿಯಲ್ಲಿ ಗುಂಯ್ ಎಂದು, ಮೊಣಕಾಲು ನೀರಾಗುತ್ತಿತ್ತು. ಐವತ್ತೆಂಟರ ಗಂಡಸು ಇದನ್ನು ಯಾರ ಮುಂದೆ ಹೇಳಿಕೊಳ್ಳುವುದು?

ಎರಡು ವರ್ಷದ ಹಿಂದೆ ಸರ್ಕಾರದ ಆರೋಗ್ಯ ವಿಮೆಯ ಕಾರ್ಡು ಇರುವ ಮನೆಗಳಿಗೆಲ್ಲ ಫ್ಲೂ ಚುಚ್ಚುಮದ್ದನ್ನು ಉಚಿತವಾಗಿ ಕೊಡಲು ಶುರು ಮಾಡಿದರು. ಚಳಿ ಕಾಲಿಡುವ ಮೊದಲು ಆರೋಗ್ಯ ಕೇಂದ್ರಕ್ಕೆ ಹೋಗಬೇಕು, ಕಾರ್ಡು ತೋರಿಸಬೇಕು, ತೋಳು ಒಡ್ಡಬೇಕು, ಅಷ್ಟೇ. ಹಗುರಗೈಯ ಹೆಂಡತಿಗೆ ದಮ್ಮಿನ ಕಾಯಿಲೆ. ಮನೆಯ ಮುಂಗೋಣೆಯಲ್ಲಿ ಹೊಲಿಗೆಯಂತ್ರ ಇಟ್ಟುಕೊಂಡು ಪ್ಯಾಂಟಿನ ಕಾಲು ಮಡಿಸಿ ಕೊಡುವುದು, ಬ್ಯಾಗಿಗೆ ಜಿಪ್ ಹಾಕಿ ಕೊಡುವುದು ಅವಳ ಕೆಲಸ. ಪ್ರಕಟಣೆ ಬಂದ ದಿನವೇ ಅವಳು ಹೋಗಿ ಹಾಕಿಸಿಕೊಂಡು ಬಂದಳು. ಗಂಡನಿಗೆ ಹೇಳಿದಾಗ ಅವನು, "ಬೆಳಿಗ್ಗೆ ಅಂಗಡಿ ಮುಚ್ಚೋಕಾಗಲ್ಲ, ಮಧ್ಯಾಹ್ನ ಹೋಗ್ತೀನಿ" ಎಂದ.

ಹೋದದ್ದು ನಿಜ. ಸಾಲಿನಲ್ಲಿ ನಿಂತದ್ದೂ ನಿಜ. ಮುಂದೆ ಮೂವರು ಉಳಿದಾಗ ಒಳಗಿನಿಂದ ಸ್ಪಿರಿಟ್ಟಿನ ವಾಸನೆ ಬಂತು. ಅವನು ಯಾರೋ ಕರೆದ ಹಾಗೆ ಹಿಂದಕ್ಕೆ ತಿರುಗಿ ನೋಡಿ, ಸಾಲು ಬಿಟ್ಟು, ಅಂಗಡಿಗೆ ಬಂದು ಕೂತ. ಗಿರಾಕಿಗಳಿಗೆಂದು ಇಟ್ಟ ಪ್ಲಾಸ್ಟರಿನ ಡಬ್ಬಿ ಅಲ್ಲಿ ಬಿಚ್ಚದೆಯೇ ಇತ್ತು. ಒಂದನ್ನು ತೆಗೆದು ಎಡತೋಳಿಗೆ ಅಂಟಿಸಿಕೊಂಡ. ಸಂಜೆ ಹೆಂಡತಿ ಆ ತೋಳಿಗೆ ಬಿಸಿಬಟ್ಟೆ ಶಾಖ ಕೊಟ್ಟಳು. "ನೋವಿದ್ಯಾ?" ಎಂದು ಕೇಳಿದಳು. "ಸ್ವಲ್ಪ" ಎಂದ. ಮರುವರ್ಷವೂ ಹಾಗೇ ಆಯಿತು. ಈ ವರ್ಷ, ಈಗ್ಗೆ ನಾಲ್ಕು ದಿನದ ಹಿಂದೆ, ಮತ್ತೆ ಹಾಗೇ.

ಆದರೆ ಈ ವರ್ಷ ಮಗಳ ಮಗು ಎಂಟು ತಿಂಗಳೂ ತುಂಬುವ ಮೊದಲೇ ಹುಟ್ಟಿತ್ತು. ಹೆಣ್ಣುಮಗು. ಮೂರು ವಾರದಿಂದ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿತ್ತು, ಮಗಳು ಅಲ್ಲೇ ಇದ್ದಳು. ಸೋಮವಾರ ಬೆಳಿಗ್ಗೆ ಅಳಿಯ ಅಂಗಡಿಗೇ ಬಂದ.

"ಮಾವ, ಇನ್ನು ಒಂಬತ್ತು ಹತ್ತು ದಿನಕ್ಕೆ ಮನೆಗೆ ಕಳಿಸ್ತಾರಂತೆ. ನಮ್ಮದು ಮೂರನೇ ಮಹಡಿ, ಹತ್ತಿ ಇಳಿಯೋಕೆ ಇವಳ ಕೈಲಾಗಲ್ಲ. ನಿಮ್ಮನೇಗೇ ಕರ್ಕೊಂಡು ಬರ್ತೀವಿ."

"ಕೇಳಬೇಕಾ ಅದನ್ನ" ಎಂದ ಹಗುರಗೈ. ಅವನ ಮುಖ ಅರಳಿತ್ತು.

"ಡಾಕ್ಟ್ರು ಒಂದೇ ಮಾತು ಹೇಳಿದಾರೆ. ಮಗು ಶ್ವಾಸಕೋಶ ಇನ್ನೂ ಎಳೇದು. ಆರು ತಿಂಗಳಾಗೋವರೆಗೂ ಅದಕ್ಕೆ ಫ್ಲೂ ಇಂಜೆಕ್ಷನ್ ಕೊಡೋ ಹಾಗಿಲ್ಲ. ಅದಕ್ಕೇ ಮನೇಲಿರೋರೆಲ್ಲ ಹಾಕಿಸ್ಕೊಂಡಿರ್ಲೇಬೇಕು. ಇವಳು ಬಸುರಿ ಇದ್ದಾಗ್ಲೇ ಹಾಕಿಸ್ಕೊಂಡಿದಾಳೆ, ನಂದೂ ಆಗಿದೆ. ಅತ್ತೆದು, ನಿಮ್ದು ಆಗಿದ್ಯಲ್ಲ, ಚಿಂತೆ ಇಲ್ಲ ಅಂತ ಹೇಳಿ ಬಂದೆ."

ಹಗುರಗೈ ಕತ್ತರಿಯನ್ನು ಬಟ್ಟೆಯಿಂದ ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ. "ಹ್ಞೂಂ" ಎಂದ.

ಅಂದು ಅವನಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ನಾಳೆ ಗುಟ್ಟಾಗಿ ಹೋಗಿ ಹಾಕಿಸಿಕೊಂಡು ಬಿಟ್ಟರಾಯಿತು ಎಂದುಕೊಂಡ. ಅಷ್ಟು ಅಂದುಕೊಂಡದ್ದಕ್ಕೇ ಅಂಗೈ ಒದ್ದೆಯಾಯಿತು. ಹನ್ನೊಂದು ಗಂಟೆಗೆ ಹೆಂಡತಿ ಕೈಯಲ್ಲೊಂದು ಕಾಗದ ಹಿಡಿದು ಅಂಗಡಿಯ ಮೆಟ್ಟಿಲು ಹತ್ತಿದಳು. ಬಂದ ರಭಸಕ್ಕೆ ಉಸಿರು ಎಳೆಯುತ್ತಿತ್ತು.

"ರೀ, ನೋಡಿ ಇವರ ಯೋಗ್ಯತೆ. ವಿಮೆ ಆಫೀಸಿಂದ ಬಂದಿದೆ. 'ಕಾರ್ಡಿನ ಮುಖ್ಯ ಸದಸ್ಯರು ಮೂರನೇ ವರ್ಷವೂ ಉಚಿತ ಫ್ಲೂ ಚುಚ್ಚುಮದ್ದನ್ನು ಪಡೆದಿರುವುದಿಲ್ಲ' ಅಂತೆ. ಮೂರು ವರ್ಷವೂ ನಾನೇ ಶಾಖ ಕೊಟ್ಟಿದೀನಿ, ಇವರಿಗೆ ಲೆಕ್ಕಕ್ಕೇ ಇಲ್ಲ."

"ಏನೋ ತಪ್ಪಾಗಿರುತ್ತೆ, ಬಿಡು. ಅಷ್ಟು ಜನರದ್ದು ಬರೀಬೇಕಲ್ಲ ಅವರೂ."

"ಬಿಡೋದಾ? ನಾಳೆ ಮಗು ಆಸ್ಪತ್ರೆಯವರು ದಾಖಲೆ ನೋಡಿ, ಈ ಮನೆಗೆ ಕಳಿಸಲ್ಲ ಅಂದ್ರೆ? ಏಳಿ. ಈಗ್ಲೇ ಹೋಗಿ ಸರಿ ಮಾಡಿಸ್ಕೊಂಡು ಬರೋಣ."

ಕುರ್ಚಿಯಲ್ಲಿ ಅರ್ಧ ಕ್ಷೌರವಾದ ಪೋಸ್ಟ್‌ಮ್ಯಾನ್ ಕೂತಿದ್ದ. ಅವನನ್ನು ಮುಗಿಸುವ ತನಕ ಹೆಂಡತಿ ಬಾಗಿಲಲ್ಲೇ ನಿಂತಳು. ಹಗುರಗೈ ಅಷ್ಟು ನಿಧಾನವಾಗಿ ಯಾರ ಕೂದಲನ್ನೂ ಕತ್ತರಿಸಿರಲಿಲ್ಲ. "ಇವತ್ತೇನು ಒಂದೊಂದೇ ಎಣಿಸಿ ಕತ್ತರಿಸ್ತಿದೀರಾ?" ಎಂದ ಪೋಸ್ಟ್‌ಮ್ಯಾನ್.

ಆರೋಗ್ಯ ಕೇಂದ್ರದ ಕೆಳ ಅಂತಸ್ತಿನಲ್ಲಿ ವಿಮೆಯ ಕೌಂಟರು, ಅದರ ಪಕ್ಕಕ್ಕೇ ಚುಚ್ಚುಮದ್ದಿನ ಕೋಣೆ. ನಡುವೆ ಬೆಂಚುಗಳು, ಬೆಂಚಿನ ತುಂಬ ಜನ. ಒಂದು ಮಗು ಒಳಗೆ ಹೋಗುವ ಮೊದಲೇ ಅಳು ಶುರು ಮಾಡಿತ್ತು. ಆ ಮಗುವಿನ ಮೇಲೆ ಹಗುರಗೈಗೆ ಹೊಟ್ಟೆಕಿಚ್ಚಾಯಿತು. ಅದಕ್ಕೆ ಅಳಲಾದರೂ ಬರುತ್ತದೆ.

ಕೌಂಟರಿನ ಗುಮಾಸ್ತ ಒಳ್ಳೆಯ ಮನುಷ್ಯ. ಕಾಗದವನ್ನು ಪೂರ್ತಿ ಓದಿ, ಕಾರ್ಡಿನ ನಂಬರು ಒತ್ತಿ, ಕಂಪ್ಯೂಟರಿನ ಪರದೆಯನ್ನು ಅವರ ಕಡೆ ತಿರುಗಿಸಿದ. "ನೋಡಿ ಅಮ್ಮ, ನಿಮ್ಮದು ಮೂರು ವರ್ಷವೂ ಇದೆ. ಯಜಮಾನ್ರದ್ದು ಇಲ್ಲ. ಈ ವರ್ಷದ್ದೂ ಇಲ್ಲ."

"ನಾಲ್ಕು ದಿನದ ಹಿಂದೆ ಇಲ್ಲೇ ಹಾಕಿಸ್ಕೊಂಡು ಬಂದಿದಾರೆ. ಇನ್ನೂ ತೋಳಲ್ಲಿ ಗುರುತಿರಬೇಕು."

ಹಗುರಗೈಯ ಕೈ ತನ್ನಷ್ಟಕ್ಕೆ ಎಡತೋಳಿಗೆ ಹೋಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಎನ್ನುತ್ತಾರಲ್ಲ, ಹಾಗೆ. ಮುಟ್ಟಿದ್ದು ಗೊತ್ತಾಗಿ ಕೈಯನ್ನು ಜೇಬಿಗೆ ಹಾಕಿಕೊಂಡ.

"ಹಾಗಾದ್ರೆ ಒಂದು ಅರ್ಜಿ ಬರ್ಕೊಡಿ" ಎಂದ ಗುಮಾಸ್ತ. "ಔಷಧಿ ಕೊಟ್ಟು ದಾಖಲೆ ಮಾಡಿಲ್ಲ ಅಂದ್ರೆ ಅದು ಸಣ್ಣ ವಿಷಯ ಅಲ್ಲ. ಮೂರು ವರ್ಷದಿಂದ ಇಲ್ಲಿ ಒಬ್ರೇ ಸಿಸ್ಟರ್ ಇರೋದು. ಅವರ ಮೇಲೆ ವಿಚಾರಣೆ ಆಗುತ್ತೆ. ಇರಿ, ಅವರನ್ನೇ ಕರೀತೀನಿ."

ನರ್ಸ್ ಹೊರಗೆ ಬಂದಳು. ನಲವತ್ತರ ಹೆಂಗಸು, ಕಣ್ಣಿನ ಸುತ್ತ ಕಪ್ಪು. ಬೆಳಗಿನಿಂದ ನಿಂತೇ ಇದ್ದಳೆಂದು ಅವಳ ನಡಿಗೆಯೇ ಹೇಳುತ್ತಿತ್ತು. ವಿಷಯ ಕೇಳಿ ಅವಳ ಮುಖ ಇಳಿಯಿತು.

"ನಾನು ಬರೀದೆ ಒಬ್ಬರನ್ನೂ ಕಳ್ಸಲ್ಲ ಸಾರ್. ಒಂದು ವರ್ಷ ಮರೆತಿರಬಹುದು ಅನ್ನಿ, ಮೂರು ವರ್ಷವೂ ಇವರೊಬ್ಬರದ್ದೇ ಹೇಗೆ ಮರೀಲಿ?" ಅವಳು ಹಗುರಗೈಯತ್ತ ತಿರುಗಿದಳು. "ನಾನೇ ಕೊಟ್ಟಿದ್ದಾ? ನೆನಪು ಮಾಡ್ಕೊಳ್ಳಿ."

"ಅವರನ್ನೇನು ಕೇಳ್ತೀರಿ" ಎಂದಳು ಹೆಂಡತಿ. "ನಮ್ಮನೆಯವರು ಸುಳ್ಳು ಹೇಳೋರಲ್ಲ."

ಬೆಂಚಿನ ಮೇಲಿದ್ದವರೆಲ್ಲ ಈ ಕಡೆಗೇ ನೋಡುತ್ತಿದ್ದರು. ಗುಮಾಸ್ತ ಬಿಳಿಹಾಳೆಯೊಂದನ್ನು ಮುಂದೆ ತಳ್ಳಿ ಪೆನ್ನು ಇಟ್ಟ. ಹೆಂಡತಿ ಪೆನ್ನು ಎತ್ತಿಕೊಂಡಳು. ನರ್ಸಿನ ಕೈ ಏಪ್ರನ್ನಿನ ಅಂಚನ್ನು ಹಿಂಡುತ್ತಿತ್ತು.

"ಬರೀಬೇಡ" ಎಂದ ಹಗುರಗೈ.

"ಯಾಕೆ?"

"ಸಿಸ್ಟರ್ ತಪ್ಪಿಲ್ಲ. ನಾನು ಹಾಕಿಸ್ಕೊಂಡಿಲ್ಲ."

"ಈ ವರ್ಷವಾ?"

"ಯಾವ ವರ್ಷವೂ ಇಲ್ಲ. ಸೂಜಿ ಅಂದ್ರೆ ನಂಗೆ ಭಯ. ಪ್ಲಾಸ್ಟರ್ ನಾನೇ ಅಂಟಿಸ್ಕೊಳ್ತಿದ್ದೆ."

ಬೆಂಚಿನ ಕಡೆಯಿಂದ ಯಾರೋ ಕಿಸಕ್ಕನೆ ನಕ್ಕರು. ಹೆಂಡತಿ ನಗಲಿಲ್ಲ, ಬೈಯಲೂ ಇಲ್ಲ. ಪೆನ್ನಿನ ಮುಚ್ಚಳ ಹಾಕಿ ಕೌಂಟರಿನ ಮೇಲಿಟ್ಟಳು. ನರ್ಸಿಗೆ, "ತಪ್ಪು ತಿಳ್ಕೋಬೇಡಿ ಸಿಸ್ಟರ್" ಎಂದಳು. ಗಂಡನಿಗೆ, "ಒಳಗೆ ನಡೀರಿ" ಎಂದಳು. ತಾನು ಒಳಗೆ ಬರಲಿಲ್ಲ.

ಕೋಣೆಯಲ್ಲಿ ನರ್ಸ್ ಅವನನ್ನು ಸ್ಟೂಲಿನ ಬದಲು ಮಂಚದ ಮೇಲೆ ಮಲಗಿಸಿದಳು. "ನಿಮ್ಮಂಥೋರು ತುಂಬ ಜನ ಇದಾರೆ. ಮೊದಲೇ ಹೇಳಿದ್ರೆ ನಾವು ಮಲಗಿಸಿ ಕೊಡ್ತೀವಿ, ಅಷ್ಟೇ ವ್ಯತ್ಯಾಸ. ಆ ಕಡೆ ಗೋಡೆ ನೋಡಿ."

ಗೋಡೆಯ ಮೇಲೆ ಕೈತೊಳೆಯುವ ಚಿತ್ರಪಟವಿತ್ತು. ಅವನು ಅದರಲ್ಲಿನ ಬೆರಳುಗಳನ್ನು ನೋಡುತ್ತ ಕೇಳಿದ: "ಇದರಿಂದಲೇ ಜ್ವರ ಬರುತ್ತೆ ಅಂತಾರಲ್ಲ?"

"ಇದರಲ್ಲಿರೋದು ಸತ್ತ ವೈರಸ್ಸು. ಅದರಿಂದ ಫ್ಲೂ ಬರಲ್ಲ. ತೋಳು ನೋಯುತ್ತೆ, ಒಂದೆರಡು ದಿನ ಮೈ ಬೆಚ್ಚಗಾಗಬಹುದು. ಇದು ಕೆಲಸ ಶುರು ಮಾಡೋಕೆ ಎರಡು ವಾರ ಬೇಕು, ಅದನ್ನ ಮಾತ್ರ ನೆನಪಿಡಿ."

"ಹೋದ ವರ್ಷ ನನ್ನ ಹೆಂಡತಿ ಹಾಕಿಸ್ಕೊಂಡಿದ್ಲು. ಆದ್ರೂ ಫ್ಲೂ ಬಂದು ಒಂಬತ್ತು ದಿನ ವಾರ್ಡಿನಲ್ಲಿದ್ಲು."

ನರ್ಸ್ ಹತ್ತಿಯಿಂದ ಅವನ ತೋಳು ಒರೆಸಿದಳು. "ಹಾಕಿಸ್ಕೊಂಡೋರಿಗೆ ಬರೋದೇ ಇಲ್ಲ ಅಂತ ನಾನು ಹೇಳಲ್ಲ. ಬರೋದು ಕಮ್ಮಿ, ಬಂದ್ರೂ ಜೋರು ಕಮ್ಮಿ. ದಮ್ಮಿರೋರಿಗೆ ಅದೇ ದೊಡ್ಡದು. ಮನೇಲಿ ಮೊದಲು ಯಾರಿಗೆ ಬಂತು?"

ಅವನು ಚಿತ್ರಪಟದ ಬೆರಳುಗಳನ್ನು ಎಣಿಸತೊಡಗಿದ. "ಆಯ್ತು, ಏಳಿ. ಹದಿನೈದು ನಿಮಿಷ ಹೊರಗೆ ಕೂತಿರಿ" ಎಂದಳು ನರ್ಸ್. ಯಾವಾಗ ಚುಚ್ಚಿದಳೋ ಅವನಿಗೆ ಗೊತ್ತಾಗಿರಲಿಲ್ಲ. ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಇಷ್ಟು ಚಿಕ್ಕದಕ್ಕೆ ಅಷ್ಟು ದೊಡ್ಡ ಸುಳ್ಳೇ ಎಂದು ಮೈಯೆಲ್ಲ ಹಿಡಿಯಾಯಿತು.

ಆ ಹದಿನೈದು ನಿಮಿಷ ಗಂಡ ಹೆಂಡತಿ ಒಂದೇ ಬೆಂಚಿನ ಮೇಲೆ, ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತಿದ್ದರು. ಮನೆಗೆ ಬಂದು ಚಪ್ಪಲಿ ಬಿಡುವಾಗ ಅವಳು ಕೇಳಿದಳು: "ಹೋದ ವರ್ಷ ಕೆಮ್ಮು ಮೊದಲು ನಿಮಗೆ ಬಂದಿತ್ತು. ಅಂಗಡಿ ಪೌಡರಿನ ಧೂಳು ಅಂದಿದ್ರಿ."

"ಹೌದು."

"ಮೈ ಸುಡ್ತಿತ್ತಾ?"

"ಎರಡು ದಿನ."

ಅವಳು ಯಂತ್ರದ ಮುಂದೆ ಕೂತು ಹೊಲಿಯದೆ ಬರಿದೇ ಗಾಲಿಯ ಮೇಲೆ ಕೈಯಿಟ್ಟಳು. ಅವಳಿಗೆ ಏನು ನೆನಪಾಗುತ್ತಿದೆ ಎಂದು ಅವನಿಗೆ ಗೊತ್ತಿತ್ತು. ಹೋದ ವರ್ಷ ವಾರ್ಡಿನಲ್ಲಿ ಮೂಗಿಗೆ ಆಮ್ಲಜನಕದ ನಳಿಗೆ ಹಾಕಿ ಮಲಗಿಸಿದ್ದಾಗ ಮಗಳು ಅವಳನ್ನು ಬೈದಿದ್ದಳು. ದಮ್ಮಿರುವವಳು ಜಿಪ್ಪು ತರಲೆಂದು ಆ ಸಗಟು ಬೀದಿಯ ನೂಕುನುಗ್ಗಲಿಗೆ ಯಾಕೆ ಹೋದೆ, ರೋಗ ಹುಡುಕಿಕೊಂಡು ಹೋದ ಹಾಗಾಯಿತು ಎಂದಿದ್ದಳು. ಇವಳು ಮಲಗಿದಲ್ಲಿಂದಲೇ "ತಪ್ಪಾಯ್ತು" ಎಂದಿದ್ದಳು. ಪಕ್ಕದಲ್ಲೇ ನಿಂತಿದ್ದ ಅವನ ಬಾಯಿಗೆ ಬೀಗ ಬಿದ್ದಿತ್ತು. ಆಮೇಲೆ ಅವಳು ಆ ಬೀದಿಗೆ ಕಾಲಿಡಲಿಲ್ಲ. ವಾರಕ್ಕೊಮ್ಮೆ ಅಂಗಡಿ ಅಂಗಡಿ ಹತ್ತಿ, ನಾಲ್ಕು ಜನರೊಂದಿಗೆ ಚೌಕಾಶಿ ಮಾಡಿ, ನಗುತ್ತ ಬರುತ್ತಿದ್ದವಳು ಈಗ ಜಿಪ್ಪನ್ನು ಇನ್ನೊಬ್ಬರ ಕೈಯಲ್ಲಿ ತರಿಸುತ್ತಿದ್ದಳು.

"ಹೆದರಿಕೆ ಆಗುತ್ತೆ ಅಂದಿದ್ರೆ ನಾನು ಬಂದು ಕೈ ಹಿಡ್ಕೊಂಡು ನಿಲ್ತಿದ್ದೆ" ಎಂದಳು. "ಮೂವತ್ತೆರಡು ವರ್ಷ ಒಟ್ಟಿಗಿದ್ದು ಇಷ್ಟು ಹೇಳೋಕಾಗ್ಲಿಲ್ವಾ?"

ಅವನು ಏನೋ ಹೇಳಲು ಹೋದ.

"ನನ್ನ ಹತ್ರ ಏನೂ ಹೇಳ್ಬೇಡಿ ಈಗ. ಮಗಳಿಗೆ ಹೇಳಿ. ನೀವೇ ಹೇಳ್ಬೇಕು."

ಮರುದಿನ ತೋಳು ನೋಯುತ್ತಿತ್ತು. ಶಾಖ ಕೊಡುವವರಿರಲಿಲ್ಲ, ಕೇಳುವ ಮುಖವೂ ಅವನಿಗಿರಲಿಲ್ಲ. ಊಟ ಹೊತ್ತಿಗೆ ಸರಿಯಾಗಿ ತಟ್ಟೆಗೆ ಬೀಳುತ್ತಿತ್ತು, ಮಾತು ಮಾತ್ರ ಬೀಳುತ್ತಿರಲಿಲ್ಲ. ಅಂಗಡಿಯಲ್ಲೂ ಅವನ ಕಾಲು ಒಂದೆಡೆ ನಿಲ್ಲುತ್ತಿರಲಿಲ್ಲ. ಯಾರು ಸೀನಿದರೂ ಬೆಚ್ಚುತ್ತಿದ್ದ. ಕಿಟಕಿ ತೆರೆದ, ಟವೆಲ್ಲುಗಳನ್ನು ದಿನಕ್ಕೆರಡು ಸಲ ಕುದಿಸಿದ, ಗಿರಾಕಿಗೊಮ್ಮೆ ಸೋಪು ಹಾಕಿ ಕೈ ತೊಳೆದ. ಒಬ್ಬ ಹಳೆಯ ಗಿರಾಕಿ, ನಿವೃತ್ತ ಮೇಷ್ಟ್ರು, ಕುತ್ತಿಗೆಗೆ ಬಟ್ಟೆ ಕಟ್ಟಿಸಿಕೊಂಡ ಮೇಲೆ ಕೆಮ್ಮತೊಡಗಿದರು. ಹಗುರಗೈ ಕಟ್ಟಿದ ಬಟ್ಟೆಯನ್ನು ಬಿಚ್ಚಿದ.

"ಮೇಷ್ಟ್ರೇ, ಕೆಮ್ಮು ವಾಸಿ ಆದ್ಮೇಲೆ ಬನ್ನಿ."

"ನನ್ನನ್ನ ಅಂಗಡಿಯಿಂದ ಎಬ್ಬಿಸ್ತಿದೀಯಾ?"

"ಎಬ್ಬಿಸ್ತಿದೀನಿ. ನಿಮ್ಮ ಕಾರ್ಡ್ ಇದ್ಯಲ್ಲ, ಕೇಂದ್ರಕ್ಕೆ ಹೋಗಿ ತೋರಿಸಿ. ಕೂದಲು ಎಲ್ಲೂ ಹೋಗಲ್ಲ."

ಮೇಷ್ಟ್ರು ಬೋಳುತಲೆಯನ್ನು ಸವರಿಕೊಂಡು, "ಇರೋ ನಾಲ್ಕು ಹೋಗೋಕೆ ಎಷ್ಟು ಹೊತ್ತು" ಎಂದು ಗೊಣಗುತ್ತ ಎದ್ದುಹೋದರು.

ಹೇಳುವುದನ್ನು ಅವನು ನಾಲ್ಕು ದಿನ ಮುಂದೂಡಿದ. ಶುಕ್ರವಾರ ಮಧ್ಯಾಹ್ನ ಅಂಗಡಿಗೆ ಬಾಗಿಲು ಹಾಕಿ, ಮಾಸ್ಕ್ ಹಾಕಿಕೊಂಡು, ಆಸ್ಪತ್ರೆಗೆ ಹೋದ. ಮೇಲೆ ಹತ್ತಲಿಲ್ಲ. ಕೆಳಗಿನಿಂದಲೇ ಫೋನು ಮಾಡಿ ಮಗಳನ್ನು ಹೊರಗಿನ ಅಂಗಳಕ್ಕೆ ಕರೆಸಿದ. ಅವಳು ಕೆದರಿದ ಕೂದಲನ್ನು ಹಿಂದಕ್ಕೆ ಕಟ್ಟಿಕೊಳ್ಳುತ್ತ ಬಂದಳು.

"ಅಪ್ಪ, ಇವತ್ತು ಐವತ್ತು ಗ್ರಾಂ ಜಾಸ್ತಿ ಆಗಿದಾಳೆ" ಎಂದು ಹತ್ತಿರಕ್ಕೆ ಬಂದವಳನ್ನು ಅವನು ಕೈಯೆತ್ತಿ ತಡೆದ.

"ಅಲ್ಲೇ ನಿಲ್ಲು ಪುಟ್ಟಿ. ಒಂದು ವಿಷಯ ಹೇಳ್ಬೇಕು."

ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದ. ನಿಂತಾಗ ಒಂದೂ ಉಳಿದಿರಲಿಲ್ಲ. ಸಾಲು ಬಿಟ್ಟು ಬಂದದ್ದು, ಪ್ಲಾಸ್ಟರು, ಹೋದ ವರ್ಷದ ಜ್ವರ, ಎಲ್ಲವನ್ನೂ ಹಿಂದುಮುಂದಾಗಿ ಹೇಳಿದ. ಕೊನೆಗೆ, "ಅಮ್ಮ ಸಗಟು ಬೀದಿಯಿಂದ ತಂದಿದ್ದಲ್ಲ ಅದು. ನಾನು ತಂದಿದ್ದು" ಎಂದ.

ಮಗಳು ಅಲ್ಲಿದ್ದ ಕಟ್ಟೆಯ ಮೇಲೆ ಕೂತಳು. "ನಳಿಗೆ ಹಾಕ್ಕೊಂಡು ಮಲಗಿದ್ದೋಳಿಗೆ ನಾನು ಎಷ್ಟು ಬೈದೆ ಗೊತ್ತಾ ಅಪ್ಪ? ನೀನು ಅಲ್ಲೇ ಇದ್ದೆ."

"ಇದ್ದೆ."

"ಒಂದು ಮಾತು ಆಡ್ಲಿಲ್ಲ."

"ಆಡ್ಲಿಲ್ಲ."

ಅವಳು ಬೆರಳು ಮಡಿಸಿ ಎಣಿಸತೊಡಗಿದಳು. "ನೀನು ಸೋಮವಾರ ಹಾಕಿಸ್ಕೊಂಡೆ. ಎರಡು ವಾರ ಅಂದ್ರೆ ಇನ್ನೊಂದು ಸೋಮವಾರ ದಾಟಿ ಅದರ ಮುಂದಿನ ಸೋಮವಾರ. ನಮ್ಮನ್ನ ಕಳಿಸೋದು ಬುಧವಾರ. ನಡುವೆ ಐದು ದಿನ ಇದೆ." ತಲೆಯೆತ್ತಿದಳು. "ಐದು ದಿನ ನೀನು ಮನೇಲಿ ಇರೋ ಹಾಗಿಲ್ಲ."

"ಅಂಗಡಿಲಿರ್ತೀನಿ."

"ಕೆಮ್ಮು ನೆಗಡಿ ಏನಾದ್ರೂ ಬಂದ್ರೆ ಮುಚ್ಚಿಡಬಾರದು."

"ಇಲ್ಲ."

"ಅಮ್ಮಂಗೆ ನಾನು ಫೋನ್ ಮಾಡ್ತೀನಿ" ಎಂದು ಅವಳು ಎದ್ದು ಒಳಗೆ ಹೋದಳು. ತಿರುಗಿ ನೋಡಲಿಲ್ಲ. ಅವನಿಗೆ ಅದು ಸರಿ ಎನ್ನಿಸಿತು.

ಬುಧವಾರ ಮಗು ಮನೆಗೆ ಬಂತು. ಹಗುರಗೈ ಚಾಪೆ, ಹೊದಿಕೆ, ಎರಡು ಜೊತೆ ಬಟ್ಟೆ ಕಟ್ಟಿಕೊಂಡು ಹಿಂದಿನ ದಿನವೇ ಅಂಗಡಿ ಸೇರಿದ್ದ. ಅಂಗಡಿಗೂ ಮನೆಗೂ ಇನ್ನೂರು ಹೆಜ್ಜೆ. ಹೊತ್ತು ಹೊತ್ತಿಗೆ ಅಳಿಯ ಊಟದ ಡಬ್ಬಿ ತಂದು ಬಾಗಿಲಲ್ಲಿಟ್ಟು ಮಗುವಿನ ಸುದ್ದಿ ಹೇಳಿ ಹೋಗುತ್ತಿದ್ದ. ಕುಡಿದಳು, ಮಲಗಿದಳು, ಸೀನಿದಳು. "ಸೀನಿದ್ಲಾ?" ಎಂದು ಇವನು ಎದ್ದು ನಿಂತರೆ, "ಮಾವ, ಮಕ್ಕಳು ಸೀನ್ತಾವೆ" ಎಂದು ಅಳಿಯ ನಗುತ್ತಿದ್ದ. ಗಿರಾಕಿಯಿಲ್ಲದಾಗ ಅವನು ಗೋಡೆಯಿಂದ ಗೋಡೆಗೆ ನಡೆಯುತ್ತಿದ್ದ. ಉಷ್ಣಮಾಪಕವೊಂದನ್ನು ಕೊಂಡುತಂದು ದಿನಕ್ಕೆ ಆರು ಸಲ ಬಾಯಲ್ಲಿಟ್ಟುಕೊಂಡು ನೋಡುತ್ತಿದ್ದ. ಶನಿವಾರ ಗಂಟಲು ಕೆರೆದ ಹಾಗಾಯಿತು. ಮುಚ್ಚಿಡಬಾರದೆಂದು ಮಗಳಿಗೆ ಫೋನು ಮಾಡಿ ಹೇಳಿಯೂಬಿಟ್ಟ. ಒಂದು ಲೋಟ ಬಿಸಿನೀರು ಕುಡಿದ ಮೇಲೆ ಅದು ಹೋಯಿತು. ಅದನ್ನೂ ಫೋನು ಮಾಡಿ ಹೇಳಿದ.

ಭಾನುವಾರ ಹನ್ನೆರಡರ ಹೊತ್ತಿಗೆ ಡಬ್ಬಿ ಹಿಡಿದು ಬಂದದ್ದು ಹೆಂಡತಿ. ಮಾಸ್ಕ್ ಹಾಕಿದ್ದಳು. ಡಬ್ಬಿಯನ್ನು ಕನ್ನಡಿಯ ಮುಂದಿಟ್ಟು ಗಿರಾಕಿಯ ಕುರ್ಚಿಯಲ್ಲಿ ಕೂತಳು. ಇನ್ನೊಂದು ಕೈಯಲ್ಲಿ ಉಬ್ಬಿದ ಚೀಲವಿತ್ತು.

"ಏನದು?"

"ಜಿಪ್ಪು. ಸಗಟು ಬೀದಿಗೆ ಹೋಗಿದ್ದೆ." ಸ್ವಲ್ಪ ಹೊತ್ತು ಉಸಿರು ಸುಧಾರಿಸಿಕೊಂಡಳು. "ಬೆಳಿಗ್ಗೆ ಬೇಗ, ಜನ ಕಮ್ಮಿ ಇರೋ ಹೊತ್ತಲ್ಲಿ. ಆ ಮೂಲೆ ಅಂಗಡಿಯವನು, ಬದುಕಿದೀಯಾ ಅಕ್ಕ ಅಂದ."

ಹಗುರಗೈ ಹಿಂದಕ್ಕೆ ಸರಿದು ಕಿಟಕಿಯನ್ನು ಇನ್ನಷ್ಟು ತೆರೆದ.

"ಅವಳು ಫೋನಲ್ಲಿ ಅತ್ಲು" ಎಂದಳು ಹೆಂಡತಿ. "ತಪ್ಪಾಯ್ತು ಅಮ್ಮ ಅಂತ. ಅವಳ್ದೇನು ತಪ್ಪು? ಬಾಣಂತಿನ ಅಳಿಸಿದ್ರಲ್ಲ ಅಂತ ನಿಮ್ಮ ಮೇಲೆ ಇನ್ನೊಂದಷ್ಟು ಸಿಟ್ಟು ಬಂತು."

"ಬರಬೇಕಾದ್ದೇ."

"ಒಪ್ಕೊಂಡ್ಬಿಟ್ರೆ ಆಯ್ತು ಅಂದ್ಕೋಬೇಡಿ. ನನ್ನ ಸಿಟ್ಟು ಇಳಿಯೋಕೆ ಎರಡು ವಾರ ಸಾಲಲ್ಲ."

"ಎಷ್ಟು ಬೇಕು?"

"ಗೊತ್ತಿಲ್ಲ. ಇಷ್ಟು ಸಿಟ್ಟು ನಂಗೂ ಮೊದಲ ಸಲ." ಅವಳು ಎದ್ದಳು. "ನಾಳೆ ಸೋಮವಾರ. ಸ್ನಾನ ಮಾಡಿ ಬೇರೆ ಬಟ್ಟೆ ಹಾಕ್ಕೊಂಡು ಬನ್ನಿ. ಅಂಗಡಿ ಅಂಗಿಲಿ ಬರ್ಬೇಡಿ."

ಮಾರನೆಯ ದಿನ ಅವನು ಹತ್ತಕ್ಕೆಲ್ಲ ಮನೆಯ ಬಾಗಿಲಲ್ಲಿದ್ದ. ಮಗು ಮಲಗಿತ್ತು. ಎಬ್ಬಿಸಬಾರದು ಎಂದಳು ಮಗಳು. ಅವನು ಕುರ್ಚಿಯ ತುದಿಯಲ್ಲಿ ಕೂತ, ಎದ್ದ, ಕಿಟಕಿಯತ್ತ ಹೋದ, ಮತ್ತೆ ಬಂದು ಕೂತ. ಹೊದಿಕೆಯೊಳಗಿಂದ ಮೂಗಿನ ತುದಿ ಮಾತ್ರ ಕಾಣುತ್ತಿತ್ತು.

"ಯಾವಾಗ ಏಳ್ತಾಳೆ?"

"ಅವಳಿಗೆ ಹಸಿವಾದಾಗ" ಎಂದಳು ಹೆಂಡತಿ. "ಬರೋ ವರ್ಷ ಅವಳದ್ದೂ ಇರುತ್ತೆ ಚುಚ್ಚುಮದ್ದು. ಇಬ್ಬರೂ ಒಟ್ಟಿಗೆ ಹೋಗ್ಬನ್ನಿ. ಯಾರು ಜಾಸ್ತಿ ಅಳ್ತಾರೆ ನೋಡೋಣ."

ಮಗಳು ನಗು ತಡೆಯಲು ಬಾಯಿಗೆ ಸೆರಗು ಒತ್ತಿಕೊಂಡಳು. ಹೆಂಡತಿಯ ಮುಖದಲ್ಲಿ ನಗುವಿರಲಿಲ್ಲ, ಆದರೆ ಅವಳು ಅವನ ಪಕ್ಕದಲ್ಲೇ, ನಡುವೆ ಜಾಗ ಬಿಡದೆ ಕೂತಿದ್ದಳು. ಮೂವರೂ ಆ ಪುಟ್ಟ ಮೂಗನ್ನೇ ನೋಡುತ್ತ, ಮಗು ಏಳುವುದನ್ನು ಕಾಯುತ್ತ ಕೂತರು.